ಮೂರನೆಯ ದಿನವೂ ಜ್ವರ ಇಳಿದಿಲ್ಲ: ಮಗುವಿಗೆ ‘ದೊಡ್ಡ’ ಆ್ಯಂಟಿಬಯೋಟಿಕ್ ಕೇಳಬೇಕೇ?

ತುಂಗಭದ್ರಾ ದಂಡೆ · ಮಂಗಳವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಮಕ್ಕಳ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಮ್ಮ ಮಗಳಿಗೆ ಮೂರು ವರ್ಷ ಎರಡು ತಿಂಗಳು, ತೂಕ 13 ಕಿಲೊ. ನಾಲ್ಕು ದಿನ ನೆಗಡಿ, ಕೆಮ್ಮು ಇತ್ತು. ಭಾನುವಾರ ಮಧ್ಯಾಹ್ನ ಉಸಿರು ಬಿರುಸಾಗಿ, ಪಕ್ಕೆ ಒಳಕ್ಕೆ ಸೆಳೆಯತೊಡಗಿದಾಗ ರಾಣೇಬೆನ್ನೂರಿನ ಬಳಿಯ ನಮ್ಮೂರಿನಿಂದ ಇಲ್ಲಿಗೆ ಕರೆತಂದೆವು. ಬೆರಳಿಗೆ ಸಿಕ್ಕಿಸಿದ ಯಂತ್ರ ಆಮ್ಲಜನಕವನ್ನು 86 ಎಂದು ತೋರಿಸಿತು. ನ್ಯುಮೋನಿಯಾ ಎಂದರು, ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದರು, ರಕ್ತ ತೆಗೆದುಕೊಂಡರು, ಸೆಫ್ಟ್ರಿಯಾಕ್ಸೋನ್ ಎಂಬ ಇಂಜೆಕ್ಷನ್ ಆರಂಭಿಸಿದರು.

ಇವತ್ತಿಗೆ ಮೂರನೆಯ ದಿನ. ಜ್ವರ ಇನ್ನೂ 102ರ ಆಸುಪಾಸಿನಲ್ಲೇ ಇದೆ. ದಾವಣಗೆರೆಯಿಂದ ಬಂದ ನಮ್ಮ ಭಾವನವರು, ‘ಈ ಇಂಜೆಕ್ಷನ್ ಎಲ್ಲ ಕಡೆ ಎಲ್ಲರಿಗೂ ಕೊಡುತ್ತಾರೆ, ಇದಕ್ಕೆ ಪವರ್ ಇಲ್ಲ, ಮೆರೊಪೆನೆಮ್ ಹಾಕಿ ಎಂದು ಕೇಳು, ಹಾಕದಿದ್ದರೆ ಬೇರೆ ಆಸ್ಪತ್ರೆಗೆ ಒಯ್ಯೋಣ’ ಎನ್ನುತ್ತಿದ್ದಾರೆ. ವೈದ್ಯರು, ‘ನಾಳೆ ಬೆಳಿಗ್ಗೆ ಎದೆಯ ಸ್ಕ್ಯಾನ್ ಮಾಡಿ ನೋಡೋಣ, ಕಲ್ಚರ್ (ರಕ್ತದಲ್ಲಿರುವ ಕೀಟಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ವರದಿಯೂ ಬರಬೇಕು’ ಎಂದಷ್ಟೇ ಹೇಳಿದ್ದಾರೆ. ಮಗುವಿನ ತಾಯಿ ಎರಡು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ತಿಳಿದವರು ಯಾರಾದರೂ ಹೇಳಿ: ನಾನು ಹಟ ಹಿಡಿಯಬೇಕೇ, ಸುಮ್ಮನಿರಬೇಕೇ?

ರಾತ್ರಿ ಪಾಳಿ · ಮಂಗಳವಾರ, ರಾತ್ರಿ 10.58

ಅಣ್ಣ, ಮೊದಲು ಸ್ವಲ್ಪ ನೀರು ಕುಡಿಯಿರಿ, ಅಕ್ಕನಿಗೂ ಏನಾದರೂ ತಿನ್ನಿಸಿ. ನಾನು ಹದಿಮೂರು ವರ್ಷಗಳಿಂದ ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಸ್ಟಾಫ್ ನರ್ಸ್. ನೀವು ಬರೆದದ್ದರಲ್ಲಿ ನನಗೆ ಸಮಾಧಾನ ಕೊಟ್ಟ ಒಂದು ಮಾತಿದೆ: ಅವರು ಇಂಜೆಕ್ಷನ್‌ಗೆ ಮೊದಲೇ ರಕ್ತ ತೆಗೆದಿದ್ದಾರೆ. ಎಷ್ಟೋ ಕಡೆ ಅದೇ ಆಗುವುದಿಲ್ಲ. ಔಷಧ ಒಳಗೆ ಹೋದ ಮೇಲೆ ರಕ್ತ ತೆಗೆದರೆ ಕೀಟಾಣು ಬೆಳೆಯದೇ ಹೋಗಬಹುದು, ಆಮೇಲೆ ಎಲ್ಲರೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಬಿಳಿ ಕೋಟು · ಮಂಗಳವಾರ, ರಾತ್ರಿ 11.20

ನಾನು ಮಕ್ಕಳ ವೈದ್ಯೆ. ಮಗುವನ್ನು ಕಣ್ಣಾರೆ ನೋಡದೆ ಚಿಕಿತ್ಸೆ ಹೇಳುವುದು ತಪ್ಪು. ನಿಮ್ಮ ವೈದ್ಯರ ಮಾತೇ ಅಂತಿಮ. ಆದರೆ ಅವರ ಆಲೋಚನೆ ಯಾವ ದಾರಿಯಲ್ಲಿ ಸಾಗುತ್ತಿರಬಹುದು ಎಂದು ವಿವರಿಸಿದರೆ ನಿಮಗೆ ಧೈರ್ಯ ಬಂದೀತು.

ಸರಿಯಾದ ಔಷಧ ಕೊಟ್ಟ ಮೇಲೂ ನ್ಯುಮೋನಿಯಾದ ಜ್ವರ ಇಳಿಯಲು ಎರಡು ಮೂರು ದಿನ ಹಿಡಿಯುತ್ತದೆ. ಎರಡು ದಿನ ದಾಟಿದರೂ ಇಳಿಯದಿದ್ದಾಗ ನಾವು ಮೊದಲು ಕೇಳಿಕೊಳ್ಳುವ ಪ್ರಶ್ನೆ ‘ಔಷಧ ಸಣ್ಣದಾಯಿತೇ’ ಎಂಬುದಲ್ಲ, ‘ಔಷಧ ತಲುಪಲಾಗದ ಜಾಗದಲ್ಲಿ ಏನಾದರೂ ಕುಳಿತಿದೆಯೇ’ ಎಂಬುದು. ಶ್ವಾಸಕೋಶದ ಹೊರಪೊರೆಯಲ್ಲಿ ನೀರು ತುಂಬಿ ಕೀವಾಗಿದ್ದರೆ, ಆ ಕೀವಿನ ಒಳಗೆ ರಕ್ತ ಹರಿಯುವುದಿಲ್ಲ, ಆದ್ದರಿಂದ ಔಷಧವೂ ಸಾಕಷ್ಟು ಹೋಗುವುದಿಲ್ಲ. ಅಲ್ಲಿ ಮೆರೊಪೆನೆಮ್ ಕೊಟ್ಟರೂ ಅಷ್ಟೇ, ಸೆಫ್ಟ್ರಿಯಾಕ್ಸೋನ್ ಕೊಟ್ಟರೂ ಅಷ್ಟೇ. ಕೀವನ್ನು ಹೊರಗೆ ತೆಗೆಯಬೇಕು. ನಾಳೆಯ ಸ್ಕ್ಯಾನ್ ಅದನ್ನೇ ಹುಡುಕಲು ಎಂದು ನನ್ನ ಊಹೆ. ಇವತ್ತು ರಾತ್ರಿ ಮಗುವಿನ ಉಸಿರಾಟ ಇನ್ನೂ ಬಿರುಸಾದರೆ, ಕೈಕಾಲು ತಣ್ಣಗಾದರೆ, ಕರೆದರೂ ಕಣ್ಣು ಬಿಡದಷ್ಟು ಮಂಕಾದರೆ ಬೆಳಗಿನವರೆಗೆ ಕಾಯದೆ ಆ ಕ್ಷಣವೇ ಕರ್ತವ್ಯದಲ್ಲಿರುವ ವೈದ್ಯರನ್ನು ಕರೆಯಿರಿ. ಆ ಹಟವನ್ನು ಖಂಡಿತ ಹಿಡಿಯಿರಿ.

ಹೇಮಾವತಿ ತೀರ · ಮಂಗಳವಾರ, ರಾತ್ರಿ 11.34

ಡಾಕ್ಟರ್ ಮೇಡಂ ಹೇಳಿದ್ದನ್ನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ನನ್ನ ತಂಗಿಯ ಮಗಳಿಗೆ ರಕ್ತದ ಕ್ಯಾನ್ಸರ್ ಇತ್ತು. ಕೀಮೊ ನಡೆಯುತ್ತಿದ್ದಾಗ ಒಂದು ಸಂಜೆ ಜ್ವರ ಬಂತು. ಆಸ್ಪತ್ರೆಗೆ ಕಾಲಿಟ್ಟ ಒಂದು ಗಂಟೆಯೊಳಗೆ, ಯಾವ ವರದಿಗೂ ಕಾಯದೆ, ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಎಂಬ ದೊಡ್ಡ ಔಷಧವನ್ನೇ ಕೊಟ್ಟರು. ಮಗು ಉಳಿಯಿತು. ತಡ ಮಾಡಿದ್ದರೆ ಉಳಿಯುತ್ತಿರಲಿಲ್ಲ ಎಂದು ಅಲ್ಲಿಯ ವೈದ್ಯರೇ ಹೇಳಿದರು. ಹಾಗಿದ್ದ ಮೇಲೆ ಎಲ್ಲ ಮಕ್ಕಳಿಗೂ ಮೊದಲ ದಿನವೇ ದೊಡ್ಡ ಔಷಧ ಏಕೆ ಕೊಡಬಾರದು? ಔಷಧಕ್ಕೆ ಬಗ್ಗದ ಕೀಟಾಣುಗಳ ಚಿಂತೆಯನ್ನು ಸರ್ಕಾರ ಮಾಡಲಿ. ಬೆಂಚಿನ ಮೇಲೆ ಕುಳಿತ ತಂದೆಯ ತಲೆಗೆ ಆ ಭಾರ ಹೊರಿಸಬೇಡಿ.

ಬಿಳಿ ಕೋಟು · ಮಂಗಳವಾರ, ರಾತ್ರಿ 11.52

ನಿಮ್ಮ ತಂಗಿಯ ಮಗಳಿಗೆ ಮಾಡಿದ್ದು ನೂರಕ್ಕೆ ನೂರು ಸರಿ. ಕೀಮೊದಿಂದ ಬಿಳಿ ರಕ್ತಕಣಗಳು ಕುಸಿದಿರುವ ಮಗುವಿಗೆ ಜ್ವರ ಬಂದರೆ ಮೊದಲ ಡೋಸ್ 60 ನಿಮಿಷದೊಳಗೆ ಹೋಗಲೇಬೇಕು. ನಂಜು ರಕ್ತಕ್ಕೇರಿ ರಕ್ತದೊತ್ತಡ, ರಕ್ತಸಂಚಾರ ಕುಸಿಯುತ್ತಿರುವ ಮಗುವಿಗೂ ಅಷ್ಟೇ: ಮಕ್ಕಳ ಸೆಪ್ಸಿಸ್ ಕುರಿತು 2020ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಆಘಾತದ (ಹಾಗೆ ರಕ್ತಸಂಚಾರ ಕುಸಿದ) ಸ್ಥಿತಿಯಲ್ಲಿದ್ದರೆ ಒಂದು ಗಂಟೆಯೊಳಗೆ, ಆಘಾತವಿಲ್ಲದೆ ಅಂಗಾಂಗಗಳು ಸೋಲುತ್ತಿದ್ದರೆ ಮೂರು ಗಂಟೆಯೊಳಗೆ ಔಷಧ ಆರಂಭಿಸಬೇಕೆಂದು ಹೇಳುತ್ತದೆ. ಆ ಮೂರು ಗಂಟೆ ಸುಮ್ಮನೆ ಕಾಯುವುದಕ್ಕಲ್ಲ, ನಿಜವಾಗಿ ಬ್ಯಾಕ್ಟೀರಿಯಾ ಸೋಂಕೇ ಹೌದೇ ಎಂದು ತ್ವರಿತವಾಗಿ ನೋಡಿಕೊಳ್ಳುವುದಕ್ಕೆ.

ಆದರೆ ‘ದೊಡ್ಡ’, ‘ಸಣ್ಣ’ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಮೆರೊಪೆನೆಮ್ ಹೆಚ್ಚು ಬಗೆಯ ಕೀಟಾಣುಗಳನ್ನು ಕೊಲ್ಲುತ್ತದೆ ಎಂಬುದು ನಿಜ. ಒಂದೇ ಕೀಟಾಣುವನ್ನು ಹೆಚ್ಚು ಚೆನ್ನಾಗಿ ಕೊಲ್ಲುತ್ತದೆ ಎಂದು ಅದರ ಅರ್ಥವಲ್ಲ. ಬಲೆ ಅಗಲವಾಗಿದೆ ಎಂದ ಮಾತ್ರಕ್ಕೆ ಗಟ್ಟಿಯಾಗಿದೆ ಎಂದಾಗುವುದಿಲ್ಲ. ಇನ್ನು, ಅಗಲ ಬಲೆಯಿಂದ ಆಗುವ ನಷ್ಟ ದೇಶಕ್ಕೆ ಮಾತ್ರ ಎಂದುಕೊಂಡಿದ್ದೀರಿ. ಮೊದಲ ನಷ್ಟ ಅದೇ ಮಗುವಿಗೆ. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧಕ್ಕೆ ಬಗ್ಗದವು ಮಾತ್ರ ಉಳಿದು ಬೆಳೆಯುತ್ತವೆ, ಮುಂದಿನ ಸೋಂಕು ಬಂದಾಗ ಅವೇ ಎದುರು ನಿಲ್ಲುತ್ತವೆ.

ಅಡಿಕೆ ತೋಟ · ಬುಧವಾರ, ಬೆಳಿಗ್ಗೆ 6.15

ಮೇಡಂ ಹೇಳಿದ ಬಲೆಯ ಮಾತಿಗೆ ನಮ್ಮ ಮನೆಯದೇ ಉದಾಹರಣೆ ಇದೆ. ನಾವು ಮಲೆನಾಡಿನವರು. ಮಗನಿಗೆ ಐದು ವರ್ಷವಿದ್ದಾಗ, ಮಳೆಗಾಲ ಮುಗಿಯುವ ಹೊತ್ತಿಗೆ, ಎಂಟು ದಿನ ಬಿಡದ ಜ್ವರ. ಸೇರಿಸಿದ ನರ್ಸಿಂಗ್ ಹೋಮಿನಲ್ಲಿ ಡೆಂಗಿ ಅಲ್ಲ, ಟೈಫಾಯಿಡ್ ಅಲ್ಲ ಎಂದು ಮೊದಲು ಸೆಫ್ಟ್ರಿಯಾಕ್ಸೋನ್, ಆಮೇಲೆ ಮೆರೊಪೆನೆಮ್ ಕೊಟ್ಟರು. ನಾಲ್ಕು ದಿನ ಮೆರೊಪೆನೆಮ್ ಹೋದರೂ ಮಗುವಿನ ಮುಖ ಊದುತ್ತಲೇ ಹೋಯಿತು, ಪ್ಲೇಟ್‌ಲೆಟ್ ಇಳಿಯುತ್ತಲೇ ಹೋಯಿತು. ಬೇರೆ ಆಸ್ಪತ್ರೆಗೆ ಒಯ್ದಾಗ ಅಲ್ಲಿಯ ಹಿರಿಯ ವೈದ್ಯರು ಯಾವ ವರದಿಯನ್ನೂ ನೋಡದೆ ಮೊದಲು ಮಗುವಿನ ಬಟ್ಟೆ ಬಿಚ್ಚಿಸಿದರು. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಹೊಕ್ಕುಳು, ಎಲ್ಲ ಕಡೆ ಬೆರಳಾಡಿಸಿ ನೋಡಿದರು. ಎಡಗಂಕುಳಿನ ಮಡಿಕೆಯಲ್ಲಿ ಬೀಡಿಯಿಂದ ಸುಟ್ಟಂತೆ ಒಂದು ಕಪ್ಪು ಹಕ್ಕಳೆ ಇತ್ತು. ದಿನಾ ಮೈ ಒರೆಸಿದ ನಾನೇ ಅದನ್ನು ಕಂಡಿರಲಿಲ್ಲ.

ಸ್ಕ್ರಬ್ ಟೈಫಸ್ ಎಂದರು, ಪೊದೆ-ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಕಚ್ಚಿ ಬರುವ ಜ್ವರ; ಆ ಹಕ್ಕಳೆ ಅದು ಕಚ್ಚಿದ ಗುರುತು. ಡಾಕ್ಸಿಸೈಕ್ಲಿನ್ ಕೊಟ್ಟ ಮರುದಿನ ಸಂಜೆಗೆ ಜ್ವರ ಬಿಟ್ಟಿತು. ನಾಲ್ಕು ದಿನದ ಮೆರೊಪೆನೆಮ್‌ಗೆ ಸುರಿದ ಹಣದ ಮುಂದೆ ಈ ಔಷಧದ ಬೆಲೆ ಲೆಕ್ಕಕ್ಕೇ ಬರುವಂತಿರಲಿಲ್ಲ.

ಪೆಟ್ರಿ ತಟ್ಟೆ · ಬುಧವಾರ, ಬೆಳಿಗ್ಗೆ 7.05

ಅಡಿಕೆ ತೋಟದ ಅಕ್ಕನ ಅನುಭವಕ್ಕೆ ಕಾರಣ ಸರಳವಾಗಿದೆ. ನಾನು ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್ ಇವೆಲ್ಲ ಒಂದೇ ದೊಡ್ಡ ಮನೆತನದ ಔಷಧಗಳು. ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುವುದನ್ನು ಇವು ತಡೆಯುತ್ತವೆ. ಸ್ಕ್ರಬ್ ಟೈಫಸ್ ತರುವ ಓರಿಯೆಂಟಿಯಾ ನಮ್ಮ ಜೀವಕೋಶದ ಒಳಗೇ ಹೊಕ್ಕು ಬದುಕುತ್ತದೆ, ಅದರ ಗೋಡೆಯೂ ಬೇರೆ ಬಗೆಯದು. ಆದ್ದರಿಂದ ಆ ಮನೆತನದ ಎಷ್ಟೇ ದುಬಾರಿ ಔಷಧ ಕೊಟ್ಟರೂ ಅದಕ್ಕೆ ತಾಗುವುದಿಲ್ಲ.

ಮೌನಿ · ಬುಧವಾರ, ಬೆಳಿಗ್ಗೆ 7.30

ಡಾಕ್ಸಿಸೈಕ್ಲಿನ್ ಕೊಟ್ಟರೆ ಚಿಕ್ಕ ಮಕ್ಕಳ ಹಲ್ಲು ಶಾಶ್ವತವಾಗಿ ಹಳದಿಯಾಗುತ್ತದೆ ಎಂದು ಕೇಳಿದ್ದೇನೆ. ಐದು ವರ್ಷದ ಮಗುವಿಗೆ ಕೊಟ್ಟದ್ದು ಸರಿಯೇ?

ಬಿಳಿ ಕೋಟು · ಬುಧವಾರ, ಬೆಳಿಗ್ಗೆ 7.48

ಸರಿ. ಹಲ್ಲಿಗೆ ಬಣ್ಣ ಕಟ್ಟುತ್ತಿದ್ದದ್ದು ಅದೇ ಗುಂಪಿನ ಹಳೆಯ ಔಷಧ ಟೆಟ್ರಾಸೈಕ್ಲಿನ್. ಆ ಭಯ ಡಾಕ್ಸಿಸೈಕ್ಲಿನ್‌ಗೂ ಅಂಟಿಕೊಂಡಿತು. ಕಡಿಮೆ ದಿನಗಳ ಚಿಕಿತ್ಸೆಯಲ್ಲಿ ಅಂಥ ತೊಂದರೆ ಕಂಡುಬರದ ಕಾರಣ, 21 ದಿನಗಳವರೆಗೆ ಯಾವ ವಯಸ್ಸಿನ ಮಗುವಿಗೂ ಕೊಡಬಹುದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಒಪ್ಪಿಕೊಂಡಿತು. ಹಲ್ಲಿನ ಬಣ್ಣಕ್ಕೆ ಹೆದರಿ ಸ್ಕ್ರಬ್ ಟೈಫಸ್‌ಗೆ ಔಷಧ ತಡ ಮಾಡಿದರೆ ಜೀವಕ್ಕೇ ಕುತ್ತು.

ತುಂಗಭದ್ರಾ ದಂಡೆ · ಬುಧವಾರ, ಮಧ್ಯಾಹ್ನ 3.10

ಸ್ಕ್ಯಾನ್ ಆಯಿತು. ಬಿಳಿ ಕೋಟು ಮೇಡಂ ಊಹಿಸಿದಂತೆಯೇ ಬಲಗಡೆ ಶ್ವಾಸಕೋಶದ ಸುತ್ತ ಕೀವು ತುಂಬಿದೆ. ಈಗ ತಾನೇ ಒಳಗೆ ಕರೆದೊಯ್ದು ಪಕ್ಕೆಯ ಬಳಿ ಸಣ್ಣ ನಳಿಕೆ ಹಾಕಿದ್ದಾರೆ. ಅದರ ತುದಿ ಮಂಚದ ಕೆಳಗೆ ನೀರಿರುವ ಒಂದು ಬಾಟಲಿಯಲ್ಲಿದೆ, ಮಗು ಉಸಿರಾಡಿದಂತೆಲ್ಲ ನಳಿಕೆಯೊಳಗಿನ ನೀರು ಮೇಲೆ ಕೆಳಗೆ ಆಡುತ್ತಿದೆ. ಮಜ್ಜಿಗೆಯಂಥ ಬಣ್ಣದ ದ್ರವ ಬಂತು. ಅದನ್ನೂ ಪ್ರಯೋಗಾಲಯಕ್ಕೆ ಕಳಿಸಿದ್ದಾರೆ. ಕೀವಿದ್ದಾಗ ಸ್ಟ್ಯಾಫಿಲೊಕಾಕಸ್ ಎಂಬ ಕೀಟಾಣುವೂ ಇರಬಹುದು, ವರದಿ ಬರುವವರೆಗೆ ಎಂದು ವ್ಯಾಂಕೊಮೈಸಿನ್ ಸೇರಿಸಿದ್ದಾರೆ. ಬೇರೆ ಆಸ್ಪತ್ರೆಯ ಮಾತನ್ನು ಭಾವ ಸದ್ಯಕ್ಕೆ ಎತ್ತುತ್ತಿಲ್ಲ. ಆ ಇಂಜೆಕ್ಷನ್ ಹೋಗುವಾಗ ಮಗಳ ಕುತ್ತಿಗೆ, ಕೆನ್ನೆ ಕೆಂಪಾಗಿ ತುರಿಸಿಕೊಳ್ಳತೊಡಗಿದಳು. ಇದು ಅಲರ್ಜಿಯೇ?

ರಾತ್ರಿ ಪಾಳಿ · ಬುಧವಾರ, ಮಧ್ಯಾಹ್ನ 3.16

ಅಣ್ಣ, ಈಗಲೇ ಸಿಸ್ಟರನ್ನು ಕರೆದು ತೋರಿಸಿ, ಆಮೇಲೆ ಓದಿ. ವ್ಯಾಂಕೊಮೈಸಿನ್ ಬೇಗ ಓಡಿದರೆ ಹೀಗೆ ಮೈ ಕೆಂಪಾಗುವುದುಂಟು. ಅದನ್ನು ಕನಿಷ್ಠ ಒಂದು ಗಂಟೆ ಹಿಡಿಯುವಂತೆ ನಿಧಾನವಾಗಿ ಬಿಡಬೇಕು. ಉಸಿರು ಕಟ್ಟಿದರೆ, ತುಟಿ ಊದಿದರೆ ಅದು ಬೇರೆ ವಿಷಯ, ಕೂಗಿ ಕರೆಯಿರಿ.

ತುಂಗಭದ್ರಾ ದಂಡೆ · ಬುಧವಾರ, ಮಧ್ಯಾಹ್ನ 3.41

ಸಿಸ್ಟರ್ ಬಂದು ಸ್ವಲ್ಪ ಹೊತ್ತು ನಿಲ್ಲಿಸಿ, ವೈದ್ಯರಿಗೆ ಹೇಳಿ, ಪಂಪಿನ ವೇಗ ಕಡಿಮೆ ಮಾಡಿದರು. ಕೆಂಪು ಇಳಿಯುತ್ತಿದೆ. ನಿಮ್ಮ ಉಪಕಾರ ಮರೆಯುವುದಿಲ್ಲ.

ರಾತ್ರಿ ಪಾಳಿ · ಬುಧವಾರ, ಸಂಜೆ 5.20

ಮಗು ಹುಷಾರಾಗಲಿ, ಅಷ್ಟೇ ಸಾಕು. ಈ ನೆಪದಲ್ಲಿ ವಾರ್ಡಿನ ಕಡೆಯ ಮಾತೊಂದನ್ನು ಹೇಳಬೇಕು. ಯಾವ ಔಷಧ ಎಂಬುದರ ಬಗ್ಗೆ ಎಲ್ಲರೂ ಜಗಳವಾಡುತ್ತಾರೆ, ಅದು ಮಗುವಿನ ರಕ್ತಕ್ಕೆ ಯಾವಾಗ ಸೇರಿತು ಎಂದು ಯಾರೂ ಕೇಳುವುದಿಲ್ಲ. ಚೀಟಿ ಬರೆದದ್ದು ಏಳು ಗಂಟೆಗೆ, ಸಂಬಂಧಿಕರು ಕೆಳಗಿನ ಅಂಗಡಿಯಲ್ಲಿ ಸಾಲು ನಿಂತು ತಂದದ್ದು ಎಂಟೂವರೆಗೆ, ಬಾಡಿದ ಮಗುವಿನ ಕೈಯಲ್ಲಿ ನರ ಸಿಗದೆ ಹಳದಿ ಬಣ್ಣದ ಪುಟ್ಟ ಕ್ಯಾನುಲಾವನ್ನು ಮೂರು ಕಡೆ ಚುಚ್ಚಿ ಕೊನೆಗೆ ಪಾದದಲ್ಲಿ ಹಾಕಿದಾಗ ಒಂಬತ್ತು. ನಂಜೇರಿದ ಮಗುವಿಗೆ ಈ ಎರಡು ಗಂಟೆ ಎಂದರೆ ಏನು ಎಂದು ಯೋಚಿಸಿ. ಅದಕ್ಕೇ ನಮ್ಮ ಘಟಕದಲ್ಲಿ ಮೊದಲ ಡೋಸಿನ ಔಷಧಗಳನ್ನು ವಾರ್ಡಿನ ಬೀರುವಿನಲ್ಲೇ ಇಟ್ಟುಕೊಳ್ಳಬೇಕೆಂದು ನಾವು ದಾದಿಯರು ಹಟ ಹಿಡಿದು ಮಾಡಿಸಿಕೊಂಡೆವು. ನರ ಸಿಗದಿದ್ದರೆ ಮೂಳೆಯ ಮಜ್ಜೆಗೆ ಸೂಜಿ ಹಾಕುವ ಕ್ರಮವೂ ಇದೆ, ನೋಡಲು ಘೋರ, ಆದರೆ ಜೀವ ಉಳಿಸುತ್ತದೆ.

ಇನ್ನೊಂದು, ತೂಕ. ಮಕ್ಕಳ ಔಷಧವೆಲ್ಲ ಕಿಲೊಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಅವಸರದಲ್ಲಿ ಅಂದಾಜಿನ ತೂಕ ಬರೆದರೆ, ದಶಾಂಶದ ಚುಕ್ಕಿ ಒಂದು ಮನೆ ಆಚೀಚೆಯಾದರೆ, ಡೋಸ್ ಹತ್ತು ಪಟ್ಟು ಆಗಿಬಿಡುತ್ತದೆ. ಮಗುವನ್ನು ತಕ್ಕಡಿಯ ಮೇಲೆ ಮಲಗಿಸಿಯೇ ತೂಗಿದರೇ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ತಾಯಿಗೂ ಇದೆ.

ಬಾಗಲಕೋಟೆ ರೊಟ್ಟಿ · ಬುಧವಾರ, ರಾತ್ರಿ 8.02

ನಮ್ಮ ಅಣ್ಣನ ಮಗುವಿಗೆ ಹುಟ್ಟಿದ ನಾಲ್ಕನೆಯ ದಿನ ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಕೊಟ್ಟಿದ್ದರು. ಜೆಂಟಾಮೈಸಿನ್‌ನಿಂದ ಕಿವಿ ಕೆಡುತ್ತದೆ ಎಂದು ಓದಿದ ದಿನದಿಂದ ಅತ್ತಿಗೆ ಮಗುವಿನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡುತ್ತಲೇ ಇರುತ್ತಾರೆ. ಅಷ್ಟು ಅಪಾಯದ ಔಷಧವನ್ನು ಏಕೆ ಕೊಡುತ್ತಾರೆ?

ಬಿಳಿ ಕೋಟು · ಬುಧವಾರ, ರಾತ್ರಿ 8.40

ಅತ್ತಿಗೆಯವರ ಆತಂಕ ನನಗೆ ಅರ್ಥವಾಗುತ್ತದೆ. ನವಜಾತ ಶಿಶುವಿನ ಸೆಪ್ಸಿಸ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯಾಗಿ ಹೇಳುವುದು ಈ ಜೋಡಿಯನ್ನೇ. ಎರಡೂ ಅಗ್ಗ, ಎರಡೂ ಹಳೆಯವು, ಒಂದು ತಪ್ಪಿಸಿದ ಕೀಟಾಣುವನ್ನು ಇನ್ನೊಂದು ಹಿಡಿಯುತ್ತದೆ. ಜೆಂಟಾಮೈಸಿನ್ ಕಿವಿಗೂ ಮೂತ್ರಪಿಂಡಕ್ಕೂ ತೊಂದರೆ ಕೊಡಬಲ್ಲದು, ನಿಜ. ಆದ್ದರಿಂದಲೇ ಅದನ್ನು ತೂಕ ಮತ್ತು ವಯಸ್ಸಿಗೆ ತಕ್ಕಂತೆ ಅಂತರ ಬಿಟ್ಟು, ಬೇಕಾದಷ್ಟೇ ದಿನ ಕೊಡುತ್ತೇವೆ. ಚಪ್ಪಾಳೆಯಿಂದ ಕಿವಿ ತಿಳಿಯುವುದಿಲ್ಲ. ಶಿಶುಗಳ ಶ್ರವಣ ಪರೀಕ್ಷೆ ಮಾಡಿಸಿ, ಒಂದೇ ದಿನದಲ್ಲಿ ಚಿಂತೆ ಕಳೆಯುತ್ತದೆ. ತಾಯಿಯ ಕಡೆಯ ನೆಂಟರಲ್ಲಿ ಯಾರಿಗಾದರೂ ಇಂಥ ಇಂಜೆಕ್ಷನ್ ಆದ ಮೇಲೆ ಕಿವುಡು ಬಂದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು, ಏಕೆಂದರೆ ತಾಯಿಯಿಂದ ಬರುವ ಒಂದು ಜೀನ್ ವ್ಯತ್ಯಾಸ ಇದ್ದವರಿಗೆ ಸ್ವಲ್ಪ ಡೋಸ್‌ನಿಂದಲೂ ಕಿವಿ ಹೋಗುವ ಅಪಾಯವಿದೆ.

ಖಾಲಿ ತೊಟ್ಟಿಲು · ಬುಧವಾರ, ರಾತ್ರಿ 11.15

ಬರೆಯಬೇಕೋ ಬೇಡವೋ ಎಂದು ಎರಡು ಗಂಟೆ ಯೋಚಿಸಿದೆ. ನನ್ನ ಮಗ 31 ವಾರಕ್ಕೇ ಹುಟ್ಟಿದ. ತೂಕ 1,400 ಗ್ರಾಂ. ಹುಟ್ಟಿದ ದಿನ ಅವನಿಗೆ ಸೋಂಕೇನೂ ಇರಲಿಲ್ಲ. ಆದರೂ ‘ಮುಂಜಾಗ್ರತೆಗೆ’ ಎಂದು ಮೊದಲ ದಿನದಿಂದಲೇ ಮೆರೊಪೆನೆಮ್ ನಡೆಯಿತು, ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೂ ಹತ್ತು ದಿನ ನಡೆಯಿತು. ಹದಿನಾರನೆಯ ದಿನ ಅವನು ಹಾಲು ಕುಡಿಯುವುದನ್ನು ಬಿಟ್ಟ, ಮೈ ಬೂದಿ ಬಣ್ಣಕ್ಕೆ ತಿರುಗಿತು. ಈ ಸಲ ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಕೀಟಾಣು ಬೆಳೆಯಿತು. ವರದಿಯ ಹಾಳೆಯಲ್ಲಿ ಔಷಧಗಳ ಹೆಸರಿನ ಮುಂದೆ ಸಾಲಾಗಿ ‘ಆರ್’, ‘ಆರ್’, ‘ಆರ್’ ಎಂದಿತ್ತು, ಮೆರೊಪೆನೆಮ್ ಮುಂದೆಯೂ. ಆ ಔಷಧಕ್ಕೆ ಕೀಟಾಣು ಬಗ್ಗುವುದಿಲ್ಲ ಎಂದು ಅದರ ಅರ್ಥ. ಕೊನೆಗೆಂದು ಉಳಿಸಿಟ್ಟುಕೊಳ್ಳುವ ಕೊಲಿಸ್ಟಿನ್ ಆರಂಭಿಸಿದರು. ಮೂರು ದಿನ ಬದುಕಿದ್ದ.

ನಾನು ಯಾರ ಮೇಲೂ ದೂರು ಹೊರಿಸಲು ಬರೆಯುತ್ತಿಲ್ಲ. ‘ಮೊದಲೇ ದೊಡ್ಡ ಔಷಧ ಕೊಟ್ಟುಬಿಡಿ’ ಎಂದು ಆಗ ಕೇಳಿಕೊಂಡವರಲ್ಲಿ ನನ್ನ ಗಂಡನೂ ಇದ್ದರು, ಅದು ಪ್ರೀತಿಯಿಂದಲೇ ಹೇಳಿದ ಮಾತಾಗಿತ್ತು. ಹೇಮಾವತಿ ತೀರದ ಸರ್, ನಿಮ್ಮ ಮಾತೂ ಪ್ರೀತಿಯದೇ ಎಂದು ನನಗೆ ಗೊತ್ತು.

ಹೇಮಾವತಿ ತೀರ · ಬುಧವಾರ, ರಾತ್ರಿ 11.40

ಅಮ್ಮಾ, ನನ್ನಲ್ಲಿ ಮಾತಿಲ್ಲ. ನಿಮ್ಮ ಬರಹವನ್ನು ಮೂರು ಸಲ ಓದಿದೆ. ನಿನ್ನೆ ಆ ಭಾರ ಸರ್ಕಾರದ್ದು ಎಂದು ಬರೆದದ್ದು ತಪ್ಪಾಯಿತು.

ಬಿಳಿ ಕೋಟು · ಗುರುವಾರ, ಬೆಳಿಗ್ಗೆ 6.50

ತಾಯಿ, ನಿಮ್ಮ ಮಗನ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ. ಯಾವ ಒಂದು ಕಾರಣದಿಂದ ಹಾಗಾಯಿತು ಎಂದು ದೂರದಿಂದ ಹೇಳಲಾಗದು, ಅಷ್ಟು ಮೊದಲೇ ಹುಟ್ಟಿದ ಶಿಶುಗಳಿಗೆ ಅಪಾಯ ಹಲವು ದಿಕ್ಕಿನಿಂದ ಬರುತ್ತದೆ. ಆದರೆ ನೀವು ಹೇಳಿದ್ದು ಒಂದು ಮನೆಯ ಕಥೆಯಲ್ಲ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ 13,000ಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದಲ್ಲಿ ಹೆಚ್ಚಾಗಿ ಸಿಕ್ಕಿದ್ದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೊಲೈ. ಅಸಿನೆಟೊಬ್ಯಾಕ್ಟರ್‌ನಲ್ಲಂತೂ ಐದರಲ್ಲಿ ನಾಲ್ಕು ಪಾಲು ಹಲವು ಔಷಧಗಳಿಗೆ ಒಟ್ಟಿಗೆ ಬಗ್ಗದಂಥವು. ಇವು ಹೆಚ್ಚಾಗಿ ಹರಡುವುದು ನಮ್ಮಂಥವರ ಕೈಯಿಂದ, ನಲ್ಲಿಯ ಸಿಂಕಿನಿಂದ, ಸರಿಯಾಗಿ ತೊಳೆಯದ ನಳಿಕೆಯಿಂದ. ಒಂದು ತೊಟ್ಟಿಲಿನಿಂದ ಇನ್ನೊಂದು ತೊಟ್ಟಿಲಿಗೆ ಹೋಗುವ ಮುನ್ನ ಕೈ ತೊಳೆಯುವುದು ಆ ಘಟಕದಲ್ಲಿ ಯಾವ ಔಷಧಕ್ಕೂ ಕಡಿಮೆಯಲ್ಲ. ಕಲ್ಚರ್‌ನಲ್ಲಿ ಏನೂ ಬೆಳೆಯದೆ ಮಗು ಚೆನ್ನಾಗಿದ್ದರೆ ಎರಡು ದಿನಕ್ಕೇ ಔಷಧ ನಿಲ್ಲಿಸುವ ಧೈರ್ಯ ನಮ್ಮಲ್ಲಿ ಬರಬೇಕು. ಆರಂಭಿಸಲು ಯಾರೂ ಹಿಂಜರಿಯುವುದಿಲ್ಲ, ನಿಲ್ಲಿಸಲು ಎಲ್ಲರೂ ಹೆದರುತ್ತಾರೆ, ನಾನೂ ಹೆದರಿದ್ದೇನೆ.

ಔಷಧಿ ಅಂಗಡಿ, ತಿಪಟೂರು · ಗುರುವಾರ, ಬೆಳಿಗ್ಗೆ 9.30

ಹೆದರಿಕೆ ಆಸ್ಪತ್ರೆಯಲ್ಲಿ ಮಾತ್ರವಲ್ಲ, ನಮ್ಮ ಕೌಂಟರಿನಲ್ಲೂ ಇದೆ. ಮಗುವಿಗೆ ನೆಗಡಿ ಎಂದು ಬಂದವರು ಹಳೆಯ ಚೀಟಿ ಹಿಡಿದು ಸೆಫಿಕ್ಸಿಮ್ ಕೇಳುತ್ತಾರೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್‌ನಂಥ ಮೂರನೆಯ ತಲೆಮಾರಿನ ಸೆಫಲೋಸ್ಪೋರಿನ್‌ಗಳೂ ಮೆರೊಪೆನೆಮ್ ಜಾತಿಯವೂ 2014ರ ಮಾರ್ಚ್‌ನಿಂದ ಎಚ್-1 ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ, ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡಬೇಕು. ನಾನು ಕೊಡುವುದಿಲ್ಲ ಎಂದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಆದರೂ ಕೊಡುವುದಿಲ್ಲ.

ಪೆಟ್ರಿ ತಟ್ಟೆ · ಗುರುವಾರ, ಬೆಳಿಗ್ಗೆ 9.44

ಅಂಗಡಿಯ ಸರ್‌ಗೆ ನಮಸ್ಕಾರ. ನಿಮ್ಮಂಥವರು ಊರಿಗೊಬ್ಬರಿದ್ದರೆ ನಮ್ಮ ಪ್ರಯೋಗಾಲಯದ ತಟ್ಟೆಗಳಲ್ಲಿ ಔಷಧಕ್ಕೆ ಬಗ್ಗದ ಕೀಟಾಣುಗಳು ಇಷ್ಟು ಕಾಣುತ್ತಿರಲಿಲ್ಲ.

ತುಂಗಭದ್ರಾ ದಂಡೆ · ಗುರುವಾರ, ಸಂಜೆ 4.25

ರಕ್ತದ ವರದಿ ಬಂತು. ನ್ಯುಮೊಕಾಕಸ್ ಎಂದಿದೆ. ಜ್ವರ ಬೆಳಗಿನಿಂದ 100ಕ್ಕೆ ಇಳಿದಿದೆ, ಮಗಳು ಎರಡು ಚಮಚ ಗಂಜಿ ಕುಡಿದಳು. ಇಷ್ಟು ಒಳ್ಳೆಯ ಸುದ್ದಿಯ ನಡುವೆ ಒಂದು ವಿಷಯ ನಮ್ಮನ್ನು ಕಲಕಿದೆ: ವೈದ್ಯರು ವ್ಯಾಂಕೊಮೈಸಿನ್ ನಿಲ್ಲಿಸಿದರು, ಸೆಫ್ಟ್ರಿಯಾಕ್ಸೋನ್ ಕೂಡ ನಿಲ್ಲಿಸಿ ಆಂಪಿಸಿಲಿನ್ ಬರೆದರು. ಮಗು ಈಗ ತಾನೇ ಚೇತರಿಸಿಕೊಳ್ಳುತ್ತಿರುವಾಗ ಔಷಧವನ್ನು ಕೆಳಕ್ಕೆ ಇಳಿಸುವುದು ಎಂದರೆ ಏನು? ಭಾವನವರಿಗೆ ಉತ್ತರ ಹೇಳಲು ನನಗೆ ಬರುತ್ತಿಲ್ಲ.

ಪೆಟ್ರಿ ತಟ್ಟೆ · ಗುರುವಾರ, ಸಂಜೆ 5.05

ಸರ್, ಇದನ್ನು ನಾನು ವಿವರಿಸುತ್ತೇನೆ, ಏಕೆಂದರೆ ಇದು ನಮ್ಮ ಮೇಜಿನ ಮೇಲೆ ನಡೆಯುವ ಕೆಲಸ. ನಿಮ್ಮ ಮಗಳಿಂದ ಭಾನುವಾರ ತೆಗೆದ ಒಂದೆರಡು ಮಿಲಿ ರಕ್ತ ಸಾರು ತುಂಬಿದ ಸೀಸೆಯಲ್ಲಿ ಬೆಚ್ಚಗೆ ಕುಳಿತಿತ್ತು. ಕೀಟಾಣು ಬೆಳೆದು ಸೀಸೆ ಸೂಚನೆ ಕೊಟ್ಟ ಮೇಲೆ ಅದನ್ನು ರಕ್ತ ಬೆರೆಸಿದ ಅಗರ್ ತಟ್ಟೆಗೆ ಗೀರುತ್ತೇವೆ. ಮರುದಿನ ನೋಡಿದರೆ ನ್ಯುಮೊಕಾಕಸ್‌ನ ಸಣ್ಣ ಚುಕ್ಕೆಗಳ ಸುತ್ತ ಕೆಂಪು ತಟ್ಟೆ ಹಸಿರಾಗಿರುತ್ತದೆ, ಹಳೆಯ ಚುಕ್ಕೆಗಳ ನಡು ಒಳಕ್ಕೆ ತಗ್ಗಿರುತ್ತದೆ. ಆಪ್ಟೊಚಿನ್ ಎಂಬ ಬಿಲ್ಲೆ ಇಟ್ಟರೆ ಅದರ ಸುತ್ತ ಬೆಳೆಯದೆ ದೂರ ಸರಿಯುತ್ತದೆ. ಆಮೇಲೆ ಆಕ್ಸಾಸಿಲಿನ್ ಬಿಲ್ಲೆ ಇಟ್ಟು, ಬೆಳೆಯದ ಬಯಲಿನ ಅಗಲವನ್ನು ಅಳೆಯುತ್ತೇವೆ. 20 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಪೆನಿಸಿಲಿನ್ ಮನೆತನಕ್ಕೆ ಅದು ಬಗ್ಗುತ್ತದೆ ಎಂದು ಅರ್ಥ. ಆಂಪಿಸಿಲಿನ್ ಕೂಡ ಆ ಮನೆತನದ್ದೇ.

ಅಂದರೆ ಭಾನುವಾರ ವೈದ್ಯರಿಗೆ ಕಳ್ಳ ಯಾರೆಂದು ಗೊತ್ತಿರಲಿಲ್ಲ, ಊರಿನ ಎಲ್ಲ ಬಾಗಿಲಿಗೂ ಕಾವಲು ಹಾಕಿದರು. ಇಂದು ಹೆಸರು, ಮನೆ ಎರಡೂ ಗೊತ್ತಾಗಿದೆ. ಆಂಪಿಸಿಲಿನ್ ಕೊಟ್ಟದ್ದು ಇಳಿಸಿದ್ದಲ್ಲ, ಗುರಿ ಹಿಡಿದದ್ದು. ನ್ಯುಮೋನಿಯಾದಲ್ಲಿ ರಕ್ತದಲ್ಲಿ ಕೀಟಾಣು ಬೆಳೆಯುವುದೇ ಅಪರೂಪ, ಬಹುತೇಕ ಮಕ್ಕಳಲ್ಲಿ ಏನೂ ಸಿಗುವುದಿಲ್ಲ. ನಿಮಗೆ ಸಿಕ್ಕಿದೆ.

ಬಿಳಿ ಕೋಟು · ಗುರುವಾರ, ಸಂಜೆ 5.30

ಇದಕ್ಕೆ ನಾನು ಸೇರಿಸುವುದು ಸ್ವಲ್ಪವೇ. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆ್ಯಂಟಿಬಯೋಟಿಕ್‌ಗಳನ್ನು ಮೂರು ಗುಂಪಾಗಿ ನೋಡುತ್ತಿದೆ: ಧಾರಾಳವಾಗಿ ಸಿಗಬೇಕಾದವು, ಕಣ್ಣಿಟ್ಟು ಬಳಸಬೇಕಾದವು, ಕೊನೆಗೆಂದು ಕಾಯ್ದಿರಿಸಬೇಕಾದವು. ಆಂಪಿಸಿಲಿನ್, ಅಮಾಕ್ಸಿಸಿಲಿನ್, ಜೆಂಟಾಮೈಸಿನ್ ಮೊದಲ ಗುಂಪು. ನಿಮ್ಮ ಮಗಳಿಗೆ ಮೊದಲು ಕೊಟ್ಟ ಎರಡೂ, ಭಾವನವರು ಕೇಳಿದ ಮೆರೊಪೆನೆಮ್ ಕೂಡ, ಎರಡನೆಯ ಗುಂಪು. ಕೊಲಿಸ್ಟಿನ್ ಮೂರನೆಯದು. ಮೊದಲ ಗುಂಪಿನ ಔಷಧದಿಂದ ಗುಣವಾಗುವ ಕಾಯಿಲೆಗೆ ಅದನ್ನೇ ಕೊಟ್ಟರೆ, ನಾಳೆ ಇದೇ ಮಗುವಿಗೆ ನಿಜವಾಗಿ ಬೇಕಾದಾಗ ಉಳಿದವು ಕೆಲಸ ಮಾಡುತ್ತವೆ. ಭಾವನವರಿಗೆ ಹೀಗೆಯೇ ಹೇಳಿ. ಒಂದು ಪ್ರಶ್ನೆ: ನ್ಯುಮೊಕಾಕಸ್ ಲಸಿಕೆ ಮಗುವಿಗೆ ಪೂರ್ತಿ ಆಗಿದೆಯೇ?

ತುಂಗಭದ್ರಾ ದಂಡೆ · ಗುರುವಾರ, ರಾತ್ರಿ 7.15

ತಾಯಿ ಕಾರ್ಡ್ ತೆಗೆದು ನೋಡಿದೆ. ಆರು ವಾರದ್ದು, ಹದಿನಾಲ್ಕು ವಾರದ್ದು ಆಗಿವೆ, ಒಂಬತ್ತು ತಿಂಗಳಿನದು ಇಲ್ಲ. ಆ ಸಮಯದಲ್ಲಿ ನಾವು ಕಬ್ಬು ಕಟಾವಿಗೆ ಬೇರೆ ಜಿಲ್ಲೆಗೆ ಹೋಗಿದ್ದೆವು, ಬಂದ ಮೇಲೆ ಮರೆತೇಹೋಯಿತು. ಅದರಿಂದಲೇ ಹೀಗಾಯಿತೇ?

ಬಿಳಿ ಕೋಟು · ಗುರುವಾರ, ರಾತ್ರಿ 7.40

ಅದರಿಂದಲೇ ಎಂದು ಹೇಳಲಾಗದು, ದಯವಿಟ್ಟು ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ನ್ಯುಮೊಕಾಕಸ್‌ನಲ್ಲಿ ಬಗೆಗಳು ನೂರಕ್ಕೂ ಹೆಚ್ಚು ಇವೆ, ಲಸಿಕೆ ತಡೆಯುವುದು ಮುಖ್ಯವಾದ ಕೆಲವನ್ನು. ನಮ್ಮ ಸರ್ಕಾರಿ ಕಾರ್ಯಕ್ರಮಕ್ಕೆ ಆ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಬಂದು, ದೇಶದಾದ್ಯಂತ ಉಚಿತವಾಗಿ ಸಿಕ್ಕಿದ್ದೇ 2021ರಲ್ಲಿ. ಗುಣವಾದ ಮೇಲೆ, ಈ ವಯಸ್ಸಿಗೆ ಯಾವ ಡೋಸ್ ಬೇಕು ಎಂದು ವೈದ್ಯರನ್ನು ಕೇಳಿ.

ಡಬ್ಲಿನ್ ಕನ್ನಡತಿ · ಶುಕ್ರವಾರ, ಬೆಳಿಗ್ಗೆ 3.20

ಇಲ್ಲಿ ನಾನು ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್. ಬ್ರಿಟನ್ ಮತ್ತು ಐರ್ಲೆಂಡ್‌ನ ಆಸ್ಪತ್ರೆಗಳಲ್ಲಿ ಮಾಡಿ 2021ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಬೇಗ ಮನೆಗೆ ಹೋಗುವ ಸ್ಥಿತಿಯಲ್ಲಿದ್ದ ನ್ಯುಮೋನಿಯಾ ಮಕ್ಕಳಿಗೆ ಮೂರು ದಿನದ ಅಮಾಕ್ಸಿಸಿಲಿನ್ ಕೊಟ್ಟರೂ ಏಳು ದಿನದಷ್ಟೇ ಫಲ ಸಿಕ್ಕಿತು. ಹಾಗಾಗಿ ಈ ಮಗುವಿಗೂ ಇಂಜೆಕ್ಷನ್ ಬೇಗ ನಿಲ್ಲಿಸಿ ಮನೆಗೆ ಕಳಿಸಬಹುದಲ್ಲವೇ?

ಬಿಳಿ ಕೋಟು · ಶುಕ್ರವಾರ, ಬೆಳಿಗ್ಗೆ 6.40

ಆ ಪ್ರಯೋಗದ ಮಕ್ಕಳು ಬೇರೆ, ಈ ಮಗು ಬೇರೆ. ಕೀವು ತುಂಬಿ ನಳಿಕೆ ಹಾಕಿಸಿಕೊಂಡ ಮಕ್ಕಳಿಗೆ ಒಟ್ಟು ಎರಡರಿಂದ ನಾಲ್ಕು ವಾರ ಔಷಧ ಬೇಕಾಗುತ್ತದೆ. ಆದರೆ ಅಷ್ಟೂ ದಿನ ನರಕ್ಕೇ ಕೊಡಬೇಕಿಲ್ಲ. ಜ್ವರ ಬಿಟ್ಟು, ನಳಿಕೆ ತೆಗೆದು, ಮಗು ಊಟ ಮಾಡತೊಡಗಿದರೆ ಬಾಯಿಂದ ಕೊಡುವ ಔಷಧಕ್ಕೆ ಬದಲಿಸಬಹುದು. ಕ್ಯಾನುಲಾ ಒಂದೊಂದು ದಿನ ಹೆಚ್ಚಿಗೆ ಇದ್ದಷ್ಟೂ ಅದೇ ಹೊಸ ಸೋಂಕಿಗೆ ಬಾಗಿಲಾಗುತ್ತದೆ.

ತುಂಗಭದ್ರಾ ದಂಡೆ · ಮರುವಾರ ಮಂಗಳವಾರ, ಸಂಜೆ 6.30

ನಾಲ್ಕು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಭಾನುವಾರ ನಳಿಕೆ ತೆಗೆದರು. ಇಂದು ಮಧ್ಯಾಹ್ನ ಕೈಯ ಕ್ಯಾನುಲಾ ತೆಗೆದರು. ಕೈ ಅಲುಗದಂತೆ ಕಟ್ಟಿದ್ದ ರಟ್ಟಿನ ತುಂಡನ್ನು ಮಗಳು ಯಾರಿಗೂ ಕೊಡದೆ ಹಿಡಿದುಕೊಂಡು, ಅದರ ಮೇಲೆ ಸಿಸ್ಟರ್ ಬರೆದ ಬೆಕ್ಕಿನ ಚಿತ್ರವನ್ನು ಎಲ್ಲರಿಗೂ ತೋರಿಸುತ್ತಿದ್ದಾಳೆ. ಅಮಾಕ್ಸಿಸಿಲಿನ್ ಸಿರಪ್ ಬರೆದು ಮನೆಗೆ ಕಳಿಸಿದ್ದಾರೆ. ಒಂದು ಸಂದೇಹ: ಚೀಟಿಯಲ್ಲಿ 5 ಮಿಲಿಯಲ್ಲಿ 250 ಮಿಲಿಗ್ರಾಂ ಇರುವ ಸಿರಪ್, ಇಷ್ಟು ಮಿಲಿ ಎಂದು ಬರೆದಿದ್ದಾರೆ. ಊರಿನ ಅಂಗಡಿಯಲ್ಲಿ ಸಿಕ್ಕಿದ್ದರ ಮೇಲೆ 125 ಎಂದಿದೆ. ಎರಡೂ ಒಂದೇ ಎಂದು ಅಂಗಡಿಯ ಹುಡುಗ ಹೇಳಿದ.

ಔಷಧಿ ಅಂಗಡಿ, ತಿಪಟೂರು · ಮಂಗಳವಾರ, ಸಂಜೆ 6.34

ಒಂದೇ ಅಲ್ಲ ಸರ್. ಆ ಸಿರಪ್ಪನ್ನು ಅಷ್ಟೇ ಮಿಲಿ ಕೊಟ್ಟರೆ ಮಗುವಿಗೆ ಅರ್ಧ ಔಷಧ ಮಾತ್ರ ಹೋಗುತ್ತದೆ. ಬಾಟಲಿಯ ಪುಡಿಗೆ ನೀರು ಬೆರೆಸಬೇಡಿ, ಹಾಗೆಯೇ ಹಿಂದಿರುಗಿಸಿ 250ರದ್ದನ್ನು ಕೇಳಿ. ಅದು ಎಲ್ಲೂ ಸಿಗದಿದ್ದರೆ ವಾರ್ಡಿಗೆ ಫೋನ್ ಮಾಡಿ, ಇದರಲ್ಲಿ ಎಷ್ಟು ಮಿಲಿ ಎಂದು ಬರೆಸಿಕೊಳ್ಳಿ. ಚಮಚ ಬೇಡ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ.

ತುಂಗಭದ್ರಾ ದಂಡೆ · ಮಂಗಳವಾರ, ರಾತ್ರಿ 8.10

250ರದ್ದು ಊರಿನಲ್ಲಿ ಸಿಗಲಿಲ್ಲ. ಭಾವನವರು ಬೈಕಿನಲ್ಲಿ ರಾಣೇಬೆನ್ನೂರಿಗೆ ಹೋಗಿ ತಂದರು. ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ, ಅವರೇ ಬಾಟಲಿ ಅಲ್ಲಾಡಿಸಿ, ಸಿರಿಂಜಿನಲ್ಲಿ ಅಳೆದು ಕೊಟ್ಟರು. ಕುಡಿದು ಮಲಗಿದ್ದಾಳೆ.